ದೇವಯ್ಯನವರು ಮತ್ತು ನಮ್ಮನೆ ಮಳೆ ಪುಸ್ತಕ

ಕಳೆದ ಸೆಮ್‌ನ ಒಂದು ಶನಿವಾರ ರಾತ್ರಿ. ಸೋಮವಾರ ಹೀಟ್ ಟ್ರಾನ್ಸ್‌ಫರ್ ಲ್ಯಾಬ್ ರೆಕಾರ್ಡ್ ಸಬ್‌ಮಿಟ್ ಮಾಡ್ಬೇಕಿತ್ತು. ನಾನೂ ನನ್ನ ರೂಮ್‌ಮೇಟೂ ಕೂತು ಬರೀತಾ ಇದ್ವಿ. ಬರೀತಾ ಇದ್ವಿ ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಸೀನಿಯರ್ ಒಬ್ಬರ ರೆಕಾರ್ಡ್ ಪಕ್ಕದಲ್ಲಿ ತೆರೆದಿಟ್ಕೊಂಡು, ಅವರ ರೀಡಿಂಗಿಗೆ ಅಲ್ಲೊಂದು ಪಾಯಿಂಟ್ ಕೂಡಿಸಿ, ಇಲ್ಲೊಂದು ಪಾಯಿಂಟ್ ಕಳೆದು, ನಮ್ಮದು ಅಂತ ಮಾಡೋದು. ಆ ಸೀನಿಯರೂ ತಮ್ಮ ಸೀನಿಯರಿಂದ ಹಾಗೇ ಇಳಿಸಿಕೊಂಡಿದ್ದು. ಮೊದಲು ನಿಜವಾಗಿ ಥರ್ಮಾಮೀಟರ್ ನೋಡಿ ಬರೆದ ಪುಣ್ಯಾತ್ಮ ಯಾರೋ, ಈಗ ಅವರ ಮಕ್ಕಳು ಶಾಲೆಗೆ ಹೋಗ್ತಿರಬಹುದು.

ರೂಮ್‌ಮೇಟ್ ಕೊಡಗಿನವನು, ವಿರಾಜಪೇಟೆ ಕಡೆ. ಬೇಜಾರು ಕಳೀಲಿ ಅಂತ ಲ್ಯಾಪ್‌ಟಾಪಲ್ಲಿ 'ಸ್ಕೈ ಫೋರ್ಸ್' ಸಿನಿಮಾ ಹಾಕಿದ್ದ. ನಾನು ಅರ್ಧ ಕಣ್ಣಲ್ಲಿ ನೋಡ್ತಾ, ಅರ್ಧ ಕಣ್ಣಲ್ಲಿ ಕಾಪಿ ಹೊಡೀತಾ ಇದ್ದೆ. ವಿಮಾನ, ಬಾಂಬು, ಹಿನ್ನೆಲೆ ಸಂಗೀತ, ಎಲ್ಲ ಇದ್ದದ್ದೇ. ಒಂದು ಕಡೆ ಅವನು ಪಾಸ್ ಮಾಡಿ ಹೇಳಿದ: "ಇದು ನಮ್ಮ ಕೊಡಗಿನವರ ಕಥೆ ಮಾರಾಯ. ಸಿನಿಮಾದಲ್ಲಿ ಹೆಸರು ಬೇರೆ ಇಟ್ಟಿದ್ದಾರೆ. ನಿಜವಾದ ಹೆಸರು ಅಜ್ಜಮಾಡ ದೇವಯ್ಯ."

ನನಗೆ ಗೊತ್ತಿರಲಿಲ್ಲ. ಕಾರ್ಯಪ್ಪ ಗೊತ್ತು, ತಿಮ್ಮಯ್ಯ ಗೊತ್ತು. ದೇವಯ್ಯ ಯಾರು ಅಂತ ಕೇಳಿದ್ದಕ್ಕೆ ಅವನು, "ನೀನು ಮಡಿಕೇರಿಗೆ ಬಂದಾಗ ತೋರಿಸ್ತೀನಿ, ನಮ್ಮಲ್ಲಿ ಒಂದು ಸರ್ಕಲ್ಲೇ ಇದೆ" ಅಂದು ಪ್ಲೇ ಒತ್ತಿದ. ನಾನು ಅವತ್ತು ರಾತ್ರಿ ರೆಕಾರ್ಡ್ ಬಿಟ್ಟು ದೇವಯ್ಯನವರ ಬಗ್ಗೆ ಓದ್ತಾ ಕೂತೆ. 2025ರ ಸೆಪ್ಟೆಂಬರ್ 7ಕ್ಕೆ ಅವರು ತೀರಿಕೊಂಡು 60 ವರ್ಷ. ಅದಕ್ಕೇ ಈ ಬರಹ.

ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಗೆ ಸೇರಿದರು. 1965ರ ಯುದ್ಧ ಶುರುವಾಗುವ ಹೊತ್ತಿಗೆ ಹೊಸ ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದರು. ಯುದ್ಧ ಬಂದಾಗ ಪಂಜಾಬಿನ ಆದಂಪುರ ನೆಲೆಯಲ್ಲಿದ್ದ ಒಂದನೇ ಸ್ಕ್ವಾಡ್ರನ್ನಿಗೆ ಬಂದರು. ಆ ಸ್ಕ್ವಾಡ್ರನ್ನಿನ ಹತ್ತಿರ ಇದ್ದದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ. ಅದು ಫೈಟರ್-ಬಾಂಬರ್ ಜಾತಿಯದು. ಶತ್ರುವಿನ ನೆಲೆಗೆ ಹೋಗಿ ಬಾಂಬು, ರಾಕೆಟ್ ಹಾಕಿ ಬರೋದು ಅದರ ಮುಖ್ಯ ಕೆಲಸ. ಬೇಕಾದರೆ ಹೊಡೆದಾಡಲಿಕ್ಕೆ ಎರಡು 30 ಮಿಲಿಮೀಟರ್ ಫಿರಂಗಿ ಮೂತಿಯಲ್ಲಿ ಇದ್ದವು. ಒಂದೇ ಸೀಟು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಗೆ ಬಂದು, ನಿಂತಿದ್ದ ನಮ್ಮ ವಿಮಾನಗಳನ್ನೇ ಸುಟ್ಟು ಹೋಗಿದ್ದವು. ಅದಕ್ಕೆ ಉತ್ತರ ಕೊಡಲು ಮಾರನೇ ದಿನ, ಅಂದರೆ 7ನೇ ತಾರೀಕು ಮಂಗಳವಾರ ಬೆಳಕು ಹರಿಯುವಾಗ ಸರಗೋಧಾದ ಮೇಲೆ ದಾಳಿ ಅಂತ ತೀರ್ಮಾನ ಆಯಿತು. ಸರಗೋಧಾ ಪಾಕಿಸ್ತಾನದ ವಾಯುಪಡೆಯ ದೊಡ್ಡ ನೆಲೆ. ಆದಂಪುರದಿಂದ ನೇರ ಗೆರೆ ಎಳೆದರೆ ಸುಮಾರು 300 ಕಿಲೋಮೀಟರ್. ರಾಡಾರಿಗೆ ಸಿಗಬಾರದು ಅಂತ ನೆಲಕ್ಕೆ ಹತ್ತಿರವೇ ಹಾರಬೇಕು. ಕೆಳಗೆ ಹಾರಿದರೆ ಜೆಟ್ ಎಂಜಿನ್ ಎಷ್ಟು ಇಂಧನ ಕುಡಿಯುತ್ತೆ ಅಂತ ಪ್ರೊಪಲ್ಶನ್ ಓದಿದವರಿಗೆ ಗೊತ್ತು. ಹೋಗಿ, ಹೊಡೆದು, ಬರಲಿಕ್ಕೆ ಲೆಕ್ಕದ ಇಂಧನ. ನಡುವೆ ಸುತ್ತು ಹೊಡೆಯಲು ಉಳಿತಾಯ ಅಂತ ಹೆಚ್ಚೇನೂ ಇಲ್ಲ.

ಹನ್ನೆರಡು ವಿಮಾನ ಹೋಗುವುದು ಅಂತ ಲೆಕ್ಕ. ನಾಯಕ ವಿಂಗ್ ಕಮಾಂಡರ್ ಓ.ಪಿ. ತನೇಜಾ. ಯಾವುದಾದರೂ ವಿಮಾನ ಕೈಕೊಟ್ಟರೆ ಇರಲಿ ಅಂತ ಎರಡು ವಿಮಾನ ಹೆಚ್ಚುವರಿ. ದೇವಯ್ಯನವರು ಇದ್ದದ್ದು ಆ ಹೆಚ್ಚುವರಿಯಲ್ಲಿ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸ್ಟ್ಯಾಂಡ್‌ಬೈ. ಕೊನೆಗೆ ಅವರೂ ಹೋದರು. ತಂಡ ಸರಗೋಧಾ ಮುಟ್ಟಿ ದಾಳಿ ಮುಗಿಸಿ ಹೊರಟಿತು. ವಾಪಸ್ ಬಂದ ವಿಮಾನಗಳಲ್ಲಿ ದೇವಯ್ಯನವರದು ಇರಲಿಲ್ಲ.

ಯಾರೂ ನೋಡಿರಲಿಲ್ಲ. ರೇಡಿಯೋದಲ್ಲಿ ಯಾರಿಗೂ ಕೇಳಿರಲಿಲ್ಲ. ಹೊರಟಿದ್ದಾರೆ, ಬಂದಿಲ್ಲ. ವಾಯುಪಡೆಯ ಹತ್ತಿರ ಇದ್ದ ಮಾಹಿತಿ ಅಷ್ಟೇ. ಅವರ ವಯಸ್ಸು 32.

ಇದನ್ನು ಓದಿ ಎರಡು ವಾರಕ್ಕೆ ನಮ್ಮ ಕ್ಲಾಸಿನ ಇಂಡಸ್ಟ್ರಿಯಲ್ ವಿಸಿಟ್ ಬೆಂಗಳೂರಿಗೆ ಹೋಯ್ತು. ಸಂಜೆ ಸಮಯ ಉಳಿದಿದ್ದರಿಂದ ಎಚ್‌ಎಎಲ್ ಮ್ಯೂಸಿಯಮ್ಮಿಗೂ ಹೋದ್ವಿ. ಎಲ್ಲರೂ ಮಿಗ್ ಮುಂದೆ, ಮರುತ್ ಮುಂದೆ ಫೋಟೋ ತೆಗೆಸ್ಕೊಳ್ತಿದ್ರು. ನಾನು ಕ್ಯಾನ್‌ಬೆರಾ ಹತ್ತಿರ ನಿಂತೆ. ನಮ್ಮ ವಾಯುಪಡೆಯಲ್ಲಿ 1957ರಿಂದ 2007ರವರೆಗೆ, ಐವತ್ತು ವರ್ಷ ದುಡಿದ ಬಾಂಬರ್ ಅದು. ಇಬ್ಬರ ಸಿಬ್ಬಂದಿ: ಪೈಲಟ್ ಒಬ್ಬ, ದಾರಿ ಲೆಕ್ಕ ಹಾಕಿ ಬಾಂಬಿಗೆ ಗುರಿ ಇಡುವ ನ್ಯಾವಿಗೇಟರ್ ಒಬ್ಬ. ನಮ್ಮ ವಾಯುಪಡೆ ಮುಖ್ಯವಾಗಿ ಹಾರಿಸಿದ ಕ್ಯಾನ್‌ಬೆರಾ ಮಾದರಿಯಲ್ಲಿ ಒಂದು ವಿಷಯ ನನ್ನ ತಲೆಯಿಂದ ಹೋಗ್ತಾ ಇಲ್ಲ. ಪೈಲಟ್ಟಿಗೆ ಎಜೆಕ್ಷನ್ ಸೀಟ್ ಇತ್ತು. ಮೂತಿಯೊಳಗೆ ಕೂತಿರುತ್ತಿದ್ದ ನ್ಯಾವಿಗೇಟರಿಗೆ ಇರಲಿಲ್ಲ. ವಿಮಾನಕ್ಕೆ ಏಟು ಬಿದ್ದರೆ ಅವನು ಎದ್ದು, ಪ್ಯಾರಾಚೂಟ್ ಸಮೇತ ಪಕ್ಕದ ಬಾಗಿಲಿಗೆ ತೆವಳಿ, ತಾನಾಗಿ ಹಾರಬೇಕು. ಉರುಳುತ್ತಿರುವ ವಿಮಾನದಲ್ಲಿ ಅದು ಎಷ್ಟು ಸಾಧ್ಯ ಅಂತ ನೀವೇ ಯೋಚಿಸಿ.

1965ರ ಸೆಪ್ಟೆಂಬರ್ 21ರ ರಾತ್ರಿ ಒಂದು ಕ್ಯಾನ್‌ಬೆರಾ ದಾಳಿ ಮುಗಿಸಿ ಬರುವಾಗ ಪಾಕಿಸ್ತಾನದ ಸ್ಟಾರ್‌ಫೈಟರಿನ ಏಟಿಗೆ ಸಿಕ್ಕಿತು. ಪೈಲಟ್ ಮನಮೋಹನ್ ಲೋವ್ ಸೀಟು ಸಿಡಿಸಿ ಹೊರಬಂದು ಸೆರೆಯಾದರು, ಬದುಕಿದರು. ನ್ಯಾವಿಗೇಟರ್ ಕಪೂರ್ ಹೊರಗೆ ಬರಲಿಲ್ಲ. ಅದೇ ವಿಮಾನ, ಅದೇ ಏಟು. ನಡುವೆ ಇದ್ದದ್ದು ಯಾರೋ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತು ಮಾಡಿದ ಒಂದು ತೀರ್ಮಾನ. ನಾವು ನಾಳೆ ಕೂರುವುದು ಅಂಥ ಬೋರ್ಡಿನ ಮುಂದೆಯೇ ಅಲ್ವಾ, ಅಂತ ಅನ್ನಿಸಿ ಸ್ವಲ್ಪ ಹೊತ್ತು ಕಾಲು ಕೀಳಲಿಲ್ಲ. ಫ್ರೆಂಡ್ಸ್ ಬಸ್ಸಿಂದ ಕೂಗಿದ ಮೇಲೆ ಓಡಿದೆ.

ಬಸ್ಸಲ್ಲಿ ಕೂತಾಗ ಇನ್ನೊಂದು ವಿಷಯ ಹೊಳೀತು. ಕಪೂರ್ ಹೇಗೆ ಹೋದರು ಅಂತ ಹೇಳಲು ಜೊತೆಗಿದ್ದ ಒಬ್ಬರು ಬದುಕಿದ್ದರು. ದೇವಯ್ಯನವರದು ಒಂಟಿ ಸೀಟು. ಅವರಿಗೆ ಏನಾಯಿತು ಅಂತ ಗೊತ್ತಿದ್ದವನು ಭೂಮಿ ಮೇಲೆ ಒಬ್ಬನೇ, ಅವನು ಎದುರು ಪಾಳಯದಲ್ಲಿದ್ದ.

ಅವನ ಹೆಸರು ಅಮ್ಜದ್ ಹುಸೇನ್. ಪಾಕಿಸ್ತಾನದ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್. ಅವತ್ತು ಬೆಳಿಗ್ಗೆ ಅವನು ಹಾರಿಸುತ್ತಿದ್ದದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಬಲ್ಲ ವಿಮಾನ. ನಮ್ಮ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟುತ್ತಿರಲಿಲ್ಲ. ಪಲ್ಸರನ್ನು ಲೂನಾ ಎದುರಿಸಿದ ಹಾಗೆ. ಹುಸೇನ್ ದೇವಯ್ಯನವರ ವಿಮಾನಕ್ಕೆ ಗುಂಡು ಹೊಡೆದ, ತಗುಲಿತು. ಇದರ ಕತೆ ಮುಗೀತು ಅಂತ ತಿಳಿದು ಮುಂದಕ್ಕೆ ಹೋದ. ಮುಗಿದಿರಲಿಲ್ಲ. ಏಟು ತಿಂದ ಮಿಸ್ಟೇರ್ ತಿರುಗಿ ಅವನ ಮೇಲೆ ಬಂತು.

ಇಲ್ಲಿ ಸ್ವಲ್ಪ ನಮ್ಮ ಸಿಲಬಸ್. ತಿರುಗುವಾಗ ವಿಮಾನಕ್ಕೆ ಬೇಕಾಗುವ ವೃತ್ತದ ತ್ರಿಜ್ಯ ವೇಗದ ವರ್ಗಕ್ಕೆ ಅನುಪಾತದಲ್ಲಿ ಇರುತ್ತೆ. ಒಂದೇ ಜಿ ಬಲಕ್ಕೆ, ವೇಗ ಎರಡು ಪಟ್ಟಾದರೆ ತ್ರಿಜ್ಯ ನಾಲ್ಕು ಪಟ್ಟು. ಸ್ಟಾರ್‌ಫೈಟರಿನ ರೆಕ್ಕೆ ಅಂತೂ ಬಹಳ ಚಿಕ್ಕದು. ಒಂದು ತುದಿಯಿಂದ ಇನ್ನೊಂದು ತುದಿಗೆ 7 ಮೀಟರ್ ಕೂಡ ಇಲ್ಲ. ನೇರ ಓಡಲಿಕ್ಕೆ ಹುಟ್ಟಿದ ವಿಮಾನ ಅದು, ತಿರುಗಲಿಕ್ಕೆ ಅಲ್ಲ. ವೇಗ ಇಳಿಸಿಕೊಂಡು ತಿರುವಿನ ಆಟಕ್ಕೆ ಬಂದರೆ ನಿಧಾನದ ಮಿಸ್ಟೇರಿಗೂ ಒಂದು ಅವಕಾಶ ಸಿಗುತ್ತೆ. ಪಾಠ ಮಾಡುತ್ತಿದ್ದ ದೇವಯ್ಯನವರಿಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವೇ ಇಲ್ಲ. ಅದರ ಜೊತೆಗೆ ಇನ್ನೊಂದು ಲೆಕ್ಕವೂ ಗೊತ್ತಿರಲೇಬೇಕು: ಹೀಗೆ ತಿರುಗುವ ಒಂದೊಂದು ನಿಮಿಷವೂ ಮನೆಗೆ ಹೋಗಬೇಕಾದ ಇಂಧನದಿಂದಲೇ ಕಳೆಯುತ್ತೆ.

ಆ ಹೊಡೆದಾಟದಲ್ಲಿ ಸ್ಟಾರ್‌ಫೈಟರ್ ಬಿತ್ತು. ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ. ದೇವಯ್ಯನವರು ಅಲ್ಲೇ, ಪಾಕಿಸ್ತಾನದ ನೆಲದಲ್ಲೇ ಪ್ರಾಣ ಬಿಟ್ಟರು.

ಇದಿಷ್ಟೂ ನಮ್ಮ ದೇಶಕ್ಕೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು. 1971ರ ಯುದ್ಧದಲ್ಲಿ ಇದೇ ಹುಸೇನ್ ಅಮೃತಸರದ ಹತ್ತಿರ ವಿಮಾನ ಕಳೆದುಕೊಂಡು ನಮ್ಮಲ್ಲೇ ಯುದ್ಧಕೈದಿಯಾಗಿದ್ದ. ಆದರೂ ದೇವಯ್ಯನವರ ಹೆಸರು ಈ ಘಟನೆಗೆ ಸೇರಿದ್ದು ಅದಾದ ಮೇಲೆಯೇ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಕಡೆಯಿಂದ ಮಾಹಿತಿ ಪಡೆದು 'ಬ್ಯಾಟಲ್ ಫಾರ್ ಪಾಕಿಸ್ತಾನ್' ಎಂಬ ಪುಸ್ತಕ ಬರೆದ. ಅದರಲ್ಲಿ ಸೆಪ್ಟೆಂಬರ್ 7ರ ಬೆಳಿಗ್ಗೆ ಒಂದು ಸ್ಟಾರ್‌ಫೈಟರ್ ಮಿಸ್ಟೇರ್ ಜೊತೆಗಿನ ಹೊಡೆದಾಟದಲ್ಲಿ ಬಿತ್ತು ಅಂತ ಇತ್ತು. ನಮ್ಮವರು ಓದಿ ತಲೆ ಕೆರೆದುಕೊಂಡರು. ಯಾವ ಮಿಸ್ಟೇರ್? ವಾಪಸ್ ಬಂದ ಯಾರೂ ಸ್ಟಾರ್‌ಫೈಟರ್ ಕೆಡವಿದೆ ಅಂತ ಹೇಳಿಯೇ ಇಲ್ಲವಲ್ಲ. ನಿವೃತ್ತ ಅಧಿಕಾರಿ ಪ್ರೀತಮ್ ಸಿಂಗ್ ಅವರಂಥವರು ಎರಡೂ ಕಡೆಯ ದಾಖಲೆ ಪಕ್ಕಪಕ್ಕ ಇಟ್ಟು ನೋಡಿದರು. ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕಳೆಯುತ್ತಾ ಹೋದರೆ ಉಳಿದದ್ದು ಒಂದೇ ಹೆಸರು. ಬರದೇ ಇದ್ದವರದು.

1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ದೇವಯ್ಯ ಅವರು ಸ್ವೀಕರಿಸಿದರು. ಗಂಡ ಹೋಗಿ ಆಗ 23 ವರ್ಷ.

ಇಲ್ಲಿವರೆಗೆ ಓದಿದಾಗ ನನಗೆ ಸಿಟ್ಟು ಬಂದಿತ್ತು. 23 ವರ್ಷ ಯಾಕೆ ಬೇಕಾಯ್ತು, ನಮ್ಮವರಿಗೆ ಕಾಳಜಿ ಇರಲಿಲ್ವಾ, ಅಂತ. ಸೆಮ್ ಮುಗಿದ ಮೇಲೆ ಜುಲೈ ರಜೆಯಲ್ಲಿ ರೂಮ್‌ಮೇಟ್ ಮನೆಗೆ ಹೋಗಿದ್ದೆ. ವಾಪಸ್ ಬರುವಾಗ ಮಡಿಕೇರಿಯಲ್ಲಿ ಆ ಸರ್ಕಲ್ ತೋರಿಸಿದ. ಖಾಸಗಿ ಬಸ್‌ಸ್ಟ್ಯಾಂಡಿನ ಹತ್ತಿರ, 2020ರಲ್ಲಿ ನಿಲ್ಲಿಸಿದ ಪ್ರತಿಮೆ. ಮಳೆ ಹಿಡಿದು ಹೊಡೀತಾ ಇತ್ತು. ಜನ ಕೊಡೆ ಬಾಗಿಸ್ಕೊಂಡು ಬಸ್ಸಿಗೆ ಓಡ್ತಾ ಇದ್ರು. ನಾವಿಬ್ರೂ ಅಂಗಡಿ ಸೂರಿನ ಕೆಳಗೆ ನಿಂತು ನೋಡಿದ್ವಿ. ನನ್ನ ಸಿಟ್ಟನ್ನು ಅವನ ಹತ್ತಿರ ಹೇಳಿದೆ. ಅವನು ಯೋಚಿಸಿ ಹೇಳಿದ: "ಗೊತ್ತಿಲ್ಲ ಅಂತ ಗೊತ್ತಿಲ್ಲ ಅಂತಲೇ ಇಟ್ಕೊಂಡಿದ್ರಲ್ಲ. ಇಂಧನ ಖಾಲಿಯಾಗಿ ಬಿದ್ರು ಅಂತ ಏನೋ ಒಂದು ಬರೆದು ಫೈಲ್ ಮುಚ್ಚಿಬಿಟ್ಟಿದ್ರೆ?"

ಅಷ್ಟೇ ಹೇಳಿದ್ದು. ನನ್ನ ಬಸ್ ಬಂತು, ಹತ್ತಿದೆ. ಹಾಸನ, ಚಿಕ್ಕಮಗಳೂರು, ಬಾಳೆಹೊನ್ನೂರು ದಾಟಿ ಊರು ಸೇರುವವರೆಗೂ ಆ ಮಾತು ನನ್ನ ಪಕ್ಕದ ಸೀಟಲ್ಲೇ ಕೂತಿತ್ತು. ಯಾಕೆ ಅಂತ ಹೇಳಬೇಕಾದರೆ ನಮ್ಮನೆ ಮಳೆ ಪುಸ್ತಕದ ವಿಷಯ ಹೇಳಬೇಕು.

ನಮ್ಮೂರು ಶೆಟ್ಟಿಕೊಪ್ಪ. ಕೊಪ್ಪ, ಎನ್.ಆರ್.ಪುರ ಕಡೆಯವರಿಗೆ ಗೊತ್ತಿರುತ್ತೆ, ಉಳಿದವರಿಗೆ 'ಶೃಂಗೇರಿ ಹತ್ರ' ಅಂದ್ರೆ ಸಾಕು. ಬಸ್ಸಿಳಿದು ಎರಡು ಕಿಲೋಮೀಟರ್ ನಡೆದರೆ ಮನೆ. ನಮ್ಮಜ್ಜ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಕಥೆ-ಕಾದಂಬರಿ ಬರೆಯುವ ರೈಟರ್ ಅಲ್ಲ, ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಮಳೆ ಲೆಕ್ಕ ಬರೆಯುವ ರೈಟರು. ತೋಟದ ಕೆಲಸ ಬಿಟ್ಟ ಮೇಲೂ ಮಳೆ ಲೆಕ್ಕ ಬಿಡಲಿಲ್ಲ. ಮನೆ ಅಂಗಳದ ತುದಿಯಲ್ಲಿ ಮಳೆ ಅಳೆಯುವ ಡಬ್ಬ ಹೂತಿಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ ಗ್ಲಾಸಿಗೆ ಬಗ್ಗಿಸಿ ನೋಡಿ, ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು. ಇಂಚು, ಸೆಂಟು. ನಮ್ಮ ಕಡೆ ಮಳೆಗೆ ಈಗಲೂ ಮಿಲಿಮೀಟರ್ ನಡೆಯಲ್ಲ. ಅಂಥ ಪುಸ್ತಕ ಮನೆಯ ಟ್ರಂಕಿನಲ್ಲಿ ಒಂದರ ಮೇಲೊಂದು ಇವೆ.

2020ರ ಮಳೆಗಾಲ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಆಗಷ್ಟೇ ಮಾಸ್ಕ್ ಹಾಕ್ಕೊಂಡು ಮುಗಿದಿತ್ತು. ಅಜ್ಜ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಮಲಗಿದ್ದರು. ಅಪ್ಪನಿಗೆ ತೋಟದ ಕೆಲಸ. ಹಾಗಾಗಿ ಮಳೆ ಅಳೆಯುವುದು ನನ್ನ ಪಾಲಿಗೆ ಬಂತು. ಮೊದಲ ವಾರ ಶ್ರದ್ಧೆಯಿಂದ ಮಾಡಿದೆ. ಆಮೇಲೆ ಗೊತ್ತಲ್ಲ. ರಾತ್ರಿ ಎರಡು ಗಂಟೆವರೆಗೆ ಮೊಬೈಲು, ಬೆಳಿಗ್ಗೆ ಕಂಬಳಿ ಒಳಗಿಂದ ಏಳೋ ಮನಸ್ಸಿಲ್ಲ. ಹೊರಗೆ ಜಡಿಮಳೆ, ಅಂಗಳ ತುಂಬ ಇಂಬಳ. ಜುಲೈ ಕೊನೆಯ ನಾಲ್ಕು ದಿನ ನಾನು ಅಂಗಳಕ್ಕೆ ಇಳಿಯಲೇ ಇಲ್ಲ. ಒಳಗೇ ಕೂತು ಬರೆದೆ. 2-10. 1-85. 2-40. 1-95. ನೋಡಿದವರಿಗೆ ನಂಬಿಕೆ ಬರೋ ಹಾಗೆ, ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಈಗ ಲ್ಯಾಬ್ ರೆಕಾರ್ಡಿಗೆ ಮಾಡ್ತೀನಲ್ಲ, ಆ ವಿದ್ಯೆಯ ಅಭ್ಯಾಸ ಶುರುವಾಗಿದ್ದು ಅಲ್ಲಿ.

ಪ್ರತಿದಿನ ಅಜ್ಜನಿಗೆ ಹೋಗಿ ಹೇಳಬೇಕಿತ್ತು. ಮೂರನೇ ದಿನ ಅಜ್ಜ ಕೇಳಿದರು:

"ರಾತ್ರಿ ಹಂಚಿನ ಮೇಲೆ ಜೋರು ಬಿದ್ದಂಗಿತ್ತಲ್ಲ ಮಾರಾಯ. ಇಷ್ಟೆಯಾ?"

"ಹೌದಜ್ಜಾ, ಇಷ್ಟೇ."

"ಹೂಂ. ಕಿವಿಗಿಂತ ಗ್ಲಾಸೇ ಸರಿ, ಬಿಡು."

ಐದನೇ ದಿನ ಹೋಗಿ ನೋಡಿದರೆ ಒಳಗಿನ ಬಾಟಲಿ ತುಂಬಿ ಹೊರಗಿನ ಡಬ್ಬಕ್ಕೂ ನೀರು ಬಂದಿತ್ತು. ನಾಲ್ಕೈದು ದಿನದ ಮಳೆ ಒಟ್ಟಿಗೆ ಅಲ್ಲಿ ಕೂತಿತ್ತು. ಅದನ್ನು ಅಳೆದು, 'ಇಷ್ಟು ದಿನದ್ದು ಸೇರಿ ಇಷ್ಟು' ಅಂತ ಬರೆದಿದ್ದರೂ ಆಗುತ್ತಿತ್ತು. ಅಳೆದರೆ ನಾನು ಬರೆದದ್ದಕ್ಕೆ ತಾಳೆ ಆಗಲ್ಲ ಅಂತ ಹೆದರಿ ಪೂರ್ತಿ ಚರಂಡಿಗೆ ಚೆಲ್ಲಿದೆ. ಆ ಮಳೆಗಾಲ ಮುಗಿಯುವ ಮುಂಚೆಯೇ ಅಜ್ಜ ಹೋದರು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ದೊಡ್ಡ ವಿಷಯ ಅಂತಲೂ ಅನ್ನಿಸಿರಲಿಲ್ಲ. ಈ ಜುಲೈಯಲ್ಲಿ ಮನೆಗೆ ಹೋದವನು ಮಾರನೇ ದಿನ ಟ್ರಂಕ್ ತೆಗೆದೆ. ಮೊದಲು ಹುಡುಕಿದ್ದು 1965ರ ಸೆಪ್ಟೆಂಬರ್. ಅಜ್ಜನಿಗೆ ಆಗ 25 ವರ್ಷ. ತೋಟದ ಲೆಕ್ಕದ ಜೊತೆ ತಮಗೊಂದು ನಕಲು ಬರೆದಿಟ್ಟುಕೊಂಡಿದ್ದರು. 7ನೇ ತಾರೀಕಿನ ಸಾಲಿನಲ್ಲಿ 'ಮಳೆ 0-40. ಆಳು 22, ಕಳೆ. ಸಂಜೆ ರೇಡಿಯೋ, ಯುದ್ಧದ ಸುದ್ದಿ' ಅಂತ ಇತ್ತು. ಅಷ್ಟು ಓದಿ ಸುಮ್ಮನೆ ಕೂತೆ. ಅಜ್ಜ ಗ್ಲಾಸಿಗೆ ಮಳೆ ನೀರು ಬಗ್ಗಿಸುವ ಹೊತ್ತಿಗೆ ದೇವಯ್ಯನವರ ಕಥೆ ಮುಗಿದು ಎರಡು-ಮೂರು ತಾಸು ಆಗಿತ್ತು. ಆ ಸಂಜೆ ರೇಡಿಯೋ ಕೇಳಿದವರಿಗೂ, ರೇಡಿಯೋದಲ್ಲಿ ಓದಿದವರಿಗೂ ಅದು ಗೊತ್ತಿರಲಿಲ್ಲ.

ಹಾಗೇ ಪುಟ ತಿರುಗಿಸ್ತಾ ಹೋದೆ. ಮೊದಲು ಗಮನಿಸಿರಲಿಲ್ಲ, ಅಲ್ಲಲ್ಲಿ ಅಳತೆಯ ಜಾಗ ಖಾಲಿ. ಪಕ್ಕದಲ್ಲಿ ಅಜ್ಜನ ಗುಂಡು ಅಕ್ಷರ: 'ಅಳೆದಿಲ್ಲ. ಜ್ವರ.' ಇನ್ನೊಂದು ಕಡೆ: 'ಅಳೆದಿಲ್ಲ. ತಂಗಿ ಮದುವೆ.' ಮತ್ತೊಂದು ಕಡೆ: 'ಎರಡು ದಿನದ್ದು ಸೇರಿ.' ಒಂದು ಕಡೆಯಂತೂ: 'ಅಳೆದಿಲ್ಲ. ಮರೆತೆ.' ಕೆಲಸವೇ ಲೆಕ್ಕ ಬರೆಯುವುದಾಗಿದ್ದ ಮನುಷ್ಯ, ತನ್ನ ಪುಸ್ತಕದಲ್ಲೇ ಮರೆತೆ ಅಂತ ಬರೆದಿದ್ದಾರೆ. ಯಾರು ಕೇಳುತ್ತಿದ್ದರು? ಯಾರೂ ಕೇಳುತ್ತಿರಲಿಲ್ಲ.

ಅಷ್ಟು ವರ್ಷದ ಪುಸ್ತಕದಲ್ಲಿ ಖಾಲಿ ಸಾಲು ಬೇಕಾದಷ್ಟಿವೆ. ಅವು ಯಾವುದೂ ತೊಂದರೆ ಕೊಡುವುದಿಲ್ಲ. ನಾಳೆ ಯಾರಾದರೂ ಶೆಟ್ಟಿಕೊಪ್ಪದ ಮಳೆ ಲೆಕ್ಕ ಮಾಡಿದರೆ, ಆ ದಿನಗಳನ್ನು ಪಕ್ಕಕ್ಕಿಟ್ಟು ಮಾಡಬಹುದು. ಹತ್ತಿರದ ತೋಟದ ಪುಸ್ತಕದಲ್ಲಿ ಇದೆಯಾ ಅಂತ ಹುಡುಕಬಹುದು. ತೊಂದರೆ ಇರುವುದು ಚೆಂದಕ್ಕೆ ತುಂಬಿಸಿದ ನನ್ನ ನಾಲ್ಕು ಸಾಲಿನಲ್ಲಿ. ಅವು ನಿಜದ ಹಾಗೇ ಕಾಣುತ್ತವೆ, ಹಾಗಾಗಿ ಅಲ್ಲಿ ನಿಂತು ಯಾರೂ ಪ್ರಶ್ನೆ ಕೇಳುವುದಿಲ್ಲ. ರೂಮ್‌ಮೇಟ್ ಮಳೆಯಲ್ಲಿ ನಿಂತು ಹೇಳಿದ್ದು ನನಗೆ ಪೂರ್ತಿ ಅರ್ಥವಾದದ್ದು ಆಗ. ದೇವಯ್ಯನವರ ಹೆಸರಿನ ಮುಂದೆ ವಾಯುಪಡೆಯವರಿಗೆ ಒಂದು ಖಾಲಿ ಜಾಗ ಇತ್ತು. ಅದು ಖಾಲಿಯಾಗಿಯೇ ಉಳಿದಿದ್ದಕ್ಕೆ, 14 ವರ್ಷ ಆದ ಮೇಲೆ ಎಲ್ಲಿಂದಲೋ ಬಂದ ಒಂದು ಪುಸ್ತಕದ ಮಾತು ಅಲ್ಲಿ ಸರಿಯಾಗಿ ಹೋಗಿ ಕೂತಿತು. ಆ ಕಡೆಯವರೂ ತಮ್ಮ ಹೆಮ್ಮೆಯ ವಿಮಾನ ಹಳೇ ಮಿಸ್ಟೇರಿನ ಕೈಯಲ್ಲಿ ಬಿತ್ತು ಅನ್ನೋದನ್ನ ಮುಚ್ಚಿಡದೆ ಹೇಳಿದ್ದರು. ಎರಡೂ ಕಡೆ ಯಾರಾದರೂ ಒಬ್ಬರು ನನ್ನ ಹಾಗೆ 2-10 ಅಂತ ಬರೆದಿದ್ದರೆ, ಮಡಿಕೇರಿಯ ಆ ಸರ್ಕಲ್ಲಿಗೆ ಇವತ್ತು ಬೇರೆ ಯಾವುದೋ ಹೆಸರು ಇರುತ್ತಿತ್ತು.

23 ವರ್ಷ ತಡ ಆಗಿದ್ದು ತಡವೇ. ಅದನ್ನು ಸರಿ ಅಂತ ನಾನು ಹೇಳ್ತಿಲ್ಲ. ಸುಂದರಿಯವರ ಆ 23 ವರ್ಷವನ್ನು ಯಾವ ಪದಕವೂ ವಾಪಸ್ ಕೊಡಲ್ಲ. ಆದರೆ ಸತ್ತವರನ್ನು ನೆನೆಯೋದು ಅಂದ್ರೆ ವರ್ಷಕ್ಕೊಮ್ಮೆ ಹಾರ ಹಾಕೋದು, ಸ್ಟೇಟಸ್ ಹಾಕೋದು ಅಂತ ತಿಳ್ಕೊಂಡಿದ್ದೆ. ಎರಡು ದೇಶದ ಕಡತ ಇಟ್ಟುಕೊಂಡು, ಬಂದವರ ಹೆಸರನ್ನು ಒಂದೊಂದಾಗಿ ಹೊಡೆದು ಹಾಕುತ್ತಾ ಕೂತ ಆ ಮನುಷ್ಯರು ಮಾಡಿದ್ದೂ ನೆನೆಯುವ ಕೆಲಸವೇ. ಅದರಲ್ಲಿ ಭಾಷಣ ಇಲ್ಲ, ಚಪ್ಪಾಳೆ ಇಲ್ಲ, ಬರೀ ತಾಳೆ ನೋಡೋದು.

ಅವತ್ತು ಮಧ್ಯಾಹ್ನ 2020ರ ಪುಸ್ತಕ ತೆಗೆದೆ. ಆ ನಾಲ್ಕು ಸಾಲು ಹುಡುಕಲು ಕಷ್ಟ ಆಗಲಿಲ್ಲ, ನನ್ನ ಅಕ್ಷರ ಅಲ್ಲಿ ಬೇರೆ ದಿನಕ್ಕಿಂತ ನೀಟಾಗಿದೆ. ಪಕ್ಕದ ತೋಟದವರ ಲೆಕ್ಕ ತಂದು ತುಂಬಿಸಬಹುದಿತ್ತು. ಆದರೆ ನಮ್ಮ ಕಡೆ ಒಂದು ಗುಡ್ಡ ದಾಟಿದರೆ ಮಳೆಯೇ ಬೇರೆ. ಅದು ಅವರ ಮಳೆ, ನಮ್ಮದಲ್ಲ. ನಾಲ್ಕೂ ಅಂಕಿಯ ಮೇಲೆ ಒಂದೊಂದು ಗೆರೆ ಎಳೆದೆ. ಪಕ್ಕದಲ್ಲಿ 'ಅಳೆದಿಲ್ಲ. ಸೋಮಾರಿತನ' ಅಂತ ಬರೆದು ತಾರೀಕು ಹಾಕಿ ಸಹಿ ಮಾಡಿದೆ. ಅಜ್ಜ ಬರೆದ 'ಮರೆತೆ'ಗಿಂತ ನನ್ನದು ಒಂದು ದರ್ಜೆ ಕೆಳಗೆ.

ಅಪ್ಪ ತೋಟದಿಂದ ಬಂದಾಗ ಪುಸ್ತಕ ತೋರಿಸಿ ನಡೆದದ್ದು ಹೇಳಿದೆ. ಅಪ್ಪ ಕನ್ನಡಕ ಹಾಕ್ಕೊಂಡು ಓದಿದರು. ಬೈತಾರೆ ಅಂತ ಕಾದೆ. "ನಾಳೆ ಬೆಳಿಗ್ಗೆ ನೀನೇ ಅಳಿ. ಊಟಕ್ಕೆ ಬಾ" ಅಂದರು, ಅಷ್ಟೇ. ರಜೆ ಮುಗಿಯುವವರೆಗೆ ನಾನೇ ಅಳೆದೆ. ಎಂಟೂವರೆಗೆ, ಕಾಲಿಗೆ ಸುಣ್ಣ ಹಚ್ಚಿಕೊಂಡು. ಇಂಬಳ ಆದರೂ ಹತ್ತುತ್ತೆ, ಅದು ಬೇರೆ ವಿಷಯ.

ಈಗ ಏಳನೇ ಸೆಮ್. ಮೊನ್ನೆ ಲ್ಯಾಬಲ್ಲಿ ನಾಲ್ಕನೇ ರೀಡಿಂಗ್ ತಗೊಳ್ಳೋ ಹೊತ್ತಿಗೆ ಕರೆಂಟ್ ಹೋಯ್ತು. ಬ್ಯಾಚಿನವರು ಹಳೇ ರೆಕಾರ್ಡ್ ನೋಡಿ ತುಂಬಿಸ್ಕೊಂಡ್ರು. ನಾನು ಆ ಸಾಲು ಖಾಲಿ ಬಿಟ್ಟು, 'ರೀಡಿಂಗ್ ತೆಗೆದುಕೊಂಡಿಲ್ಲ, ವಿದ್ಯುತ್ ಕಡಿತ' ಅಂತ ಬರೆದೆ. ಗ್ರಾಫಲ್ಲಿ ಒಂದು ಚುಕ್ಕೆ ಕಡಿಮೆ. ಇನ್‌ಸ್ಟ್ರಕ್ಟರ್ ಆ ಸಾಲು ಓದಿ ನನ್ನ ಮುಖ ನೋಡಿದರು, ಮತ್ತೆ ಸಾಲು ನೋಡಿದರು, ಎರಡು ಮಾರ್ಕ್ಸ್ ಕಟ್ ಮಾಡಿದರು.

ಬ್ಯಾಚಿನವರು ಇನ್ನೂ ನಗ್ತಾ ಇದ್ದಾರೆ. ನಗಲಿ. ಸೆಪ್ಟೆಂಬರ್ 7ನೇ ತಾರೀಕು ಬೆಳಿಗ್ಗೆ ಊರಿಗೆ ಫೋನ್ ಮಾಡಿ, ಮಳೆ ಎಷ್ಟು ಬಂತು ಅಂತ ಅಪ್ಪನ್ನ ಕೇಳಬೇಕು ಅಂತಿದ್ದೀನಿ.